ಮರುಸದ್ದಿನ ಅಳತೆ

ನಮ್ಮೂರಲ್ಲಿ ಪ್ರತಿಯೊಂದು ಸದ್ದೂ ಎರಡು ಸಲ ಬರುತ್ತದೆ. ಬಾಗಿಲನ್ನು ಒಂದು ಸಲ ಹಾಕಿದರೆ ಎರಡು ಸಲ ಬಡಿದುಕೊಳ್ಳುತ್ತದೆ, ಕೈಜಾರಿದ ಚೊಂಬು ಎರಡು ಸಲ ಬೀಳುತ್ತದೆ, ಕೆಮ್ಮಿದವನು ಎರಡು ಸಲ ಕೆಮ್ಮುತ್ತಾನೆ. ನಡುವೆ ಅರ್ಧ ಉಸಿರಿನಷ್ಟು ಅಂತರ. ಎರಡನೆಯದನ್ನು ಮರುಸದ್ದು ಎನ್ನುತ್ತೇವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಬೇರೆ ಊರಿನವರು ಹೇಳಿಕೊಳ್ಳಲಿ. ಇಲ್ಲಿ ಮುತ್ತಿನ ವಿಷಯವೇನೋ ಸರಿ, ಆಡಿದ ಮಾತು ಮಾತ್ರ ಇನ್ನೊಂದು ಸಲ ಬಂದೇ ಹೋಗುತ್ತದೆ.

ಹಾಗಂತ ನಾವೇನೂ ಕಿವಿ ಮುಚ್ಚಿಕೊಂಡು ಓಡಾಡುವವರಲ್ಲ. ಹುಟ್ಟಿದ ಕೂಸಿಗೆ ಎರಡೂ ಕೇಳುತ್ತದೆ, ಅದಕ್ಕೇ ನಮ್ಮೂರ ಕೂಸುಗಳು ಒಂದು ಸಲ ಬೆಚ್ಚಿದ್ದು ಮುಗಿಯುವ ಮೊದಲೇ ಮತ್ತೊಂದು ಸಲ ಬೆಚ್ಚುತ್ತವೆ. ಹಾಲುಹಲ್ಲು ಬೀಳುವ ಹೊತ್ತಿಗೆ ಮರುಸದ್ದು ತಾನಾಗಿ ಬಿಟ್ಟುಹೋಗುತ್ತದೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ಇಲ್ಲೇ ಇರುತ್ತದೆ. ಸ್ವಂತ ಮನೆಯ ವಾಸನೆ ಮನೆಯವರಿಗೆ ತಿಳಿಯದ ಹಾಗೆ ಕಿವಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ಮಗು ಮರುಸದ್ದು ಬಿಟ್ಟ ದಿನ ನೆರೆಹೊರೆಗೆಲ್ಲ ಕೊಬ್ಬರಿ ಬೆಲ್ಲ ಹಂಚುತ್ತೇವೆ. ನಾನು ಈ ವಿಷಯದಲ್ಲಿ ಸ್ವಲ್ಪ ಮಂದ. ನನಗಿಂತ ಚಿಕ್ಕವಳಾದ ತಂಗಿ ಸಾಕಮ್ಮನೂ ನಾನೂ ಒಂದೇ ವಾರದಲ್ಲಿ ಬಿಟ್ಟೆವಂತೆ. ಅಕ್ಕತಂಗಿಯರಿಬ್ಬರಿಗೂ ಒಂದೇ ಬೆಲ್ಲದಚ್ಚಿನಲ್ಲಿ ಮುಗಿಯಿತು ಅಂತ ನಮ್ಮವ್ವ ಸಾಯುವ ತನಕ ಆಡಿಕೊಂಡು ನಗುತ್ತಿದ್ದಳು.

ಬಿಟ್ಟ ಮೇಲೂ ಅಭ್ಯಾಸಗಳು ಉಳಿಯುತ್ತವೆ. ನಾವು ಬೇಗಬೇಗ ಮಾತಾಡುವುದಿಲ್ಲ. ಸೊಪ್ಪಿನವಳು ಒಂದು ಸಲ ಕೂಗಿ ಮುಂದಿನ ಮನೆಗೆ ಹೋಗುತ್ತಾಳೆ. ಶಾಲೆಯ ಮೇಷ್ಟ್ರು ಒಂದು ಮಾತು ಹೇಳಿ ಸುಮ್ಮನೆ ನಿಲ್ಲುತ್ತಾರೆ, ಮುಂದಿನ ಬೆಂಚಿನ ಸಣ್ಣವರಿಗೆ ಎರಡನೆಯದು ಬಂದು ಹೋಗಲಿ ಅಂತ. ಕಂಚುಗಾರರು ಪಾತ್ರೆಗೆ ಒಂದು ಏಟು ಹಾಕಿ, ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದು, ಆಮೇಲೆ ಇನ್ನೊಂದು ಹಾಕುತ್ತಾರೆ. ಗಂಡ ಹೆಂಡಿರು ಕೂಡ ಬೈಗುಳವನ್ನು ಆರಿಸಿ ಆಡುತ್ತಾರೆ, ಮನೆಯಲ್ಲಿ ಕೂಸಿದ್ದರೆ ಅದರ ಪಾಲಿಗೆ ಜಗಳ ಎರಡಾಗುತ್ತದಲ್ಲ.

ತೊಂದರೆ ಬರುವುದು ಆಮೇಲೆ. ಹುಡುಗರಿಗೆ ಮೀಸೆ ಮೂಡುವ, ಹುಡುಗಿಯರು ಸೀರೆ ಉಡುವ ವಯಸ್ಸಿನಲ್ಲಿ ಕೆಲವರಿಗೆ ಬಿಟ್ಟುಹೋದ ಮರುಸದ್ದು ಮರಳಿ ಬರುತ್ತದೆ. ಯಾಕೆ ಬರುತ್ತದೋ ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಮೊದಮೊದಲು ಅವರು ಮಾತಿನ ನಡುವೆ ತಡೆದು ನಿಲ್ಲುತ್ತಾರೆ. ಆಮೇಲೆ ಸಂತೆಗೆ ಹೋಗುವುದು ಬಿಡುತ್ತಾರೆ, ನೆಂಟರು ಬಂದರೆ ಹಿತ್ತಿಲಿಗೆ ಹೋಗಿ ಕೂರುತ್ತಾರೆ. ಇನ್ನೂ ಮುಂದೆ ಹೋದರೆ ಎದುರಿಗಿದ್ದವರನ್ನು ಬಿಟ್ಟು ಮರುಸದ್ದಿಗೇ ಉತ್ತರ ಕೊಡತೊಡಗುತ್ತಾರೆ. ಅಂಥವರನ್ನು ಕಂಬಳಿ ಮನೆಗೆ ಕಳಿಸುತ್ತಾರೆ.

ಕಂಬಳಿ ಮನೆ ಕೆರೆ ಏರಿಯ ಆಚೆಗಿದೆ. ಗೋಡೆಗೆ, ಮಾಡಿಗೆ, ನೆಲಕ್ಕೆ ಪದರ ಪದರ ಕಂಬಳಿ. ಅಲ್ಲಿ ಕೆಲಸಕ್ಕಿರುವವರು ಕಾಲಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಾರೆ, ಮಾತಾಡುವುದಿಲ್ಲ, ಊಟಕ್ಕೆ ಮರದ ತಟ್ಟೆ ಇಡುತ್ತಾರೆ. ಒಳಗಿದ್ದವರನ್ನು ಯಾರೂ ಹೊಡೆಯುವುದಿಲ್ಲ, ಹೊಟ್ಟೆ ತುಂಬ ಹಾಕುತ್ತಾರೆ, ಅಷ್ಟನ್ನು ಒಪ್ಪಬೇಕು. ಆದರೆ ಹೆಸರು ಹಿಡಿದು ಕರೆಯುವವರೂ ಇಲ್ಲ. ನಮ್ಮ ಪಕ್ಕದ ಮನೆಯ ಮಾದಪ್ಪನ ಮಗ ಒಳಗೆ ಹೋಗುವ ಮೊದಲು ಬೀದಿಯೆಲ್ಲ ಕೇಳುವಂತೆ ಲಾವಣಿ ಹೇಳುತ್ತಿದ್ದವನು. ವರ್ಷದ ಮೇಲೆ ಕಿಂಡಿಯಲ್ಲಿ ನೋಡಲು ಬಿಟ್ಟರು, ಅವರ ಜೊತೆ ನಾನೂ ಹೋಗಿದ್ದೆ. ಮೈಕೈ ತುಂಬಿಕೊಂಡು ಚೆನ್ನಾಗಿದ್ದ. ಹೆತ್ತವಳು ಕಿಂಡಿಗೆ ಮುಖ ಕೊಟ್ಟರೆ ಗೋಡೆಯನ್ನು ನೋಡಿದ ಹಾಗೆ ನೋಡಿದ. ಅವಳು ಮನೆಗೆ ಬಂದು ಎರಡು ದಿನ ಒಲೆ ಹಚ್ಚಲಿಲ್ಲ.

ಸಾಕಮ್ಮನ ಮಗಳು ಇಂದ್ರಾಣಿಯ ವಿಷಯ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಸಾಕಮ್ಮನ ಮನೆ ಕಂಚುಗಾರ ಬೀದಿಯ ತಲೆಯಲ್ಲಿದೆ. ಗಂಡ ತೀರಿಕೊಂಡ ಮೇಲೆ ಅವಳು ಬೀದಿಯವರ ಹೊಸ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಿಕೊಟ್ಟು ಬದುಕುತ್ತಿದ್ದಳು. ಮನೆಯಲ್ಲಿ ತಾಯಿ, ಮಗಳು, ಬೂದಿ ಅನ್ನುವ ಒಂದು ಆಡು. ನಾನು ಎರಡು ಬೀದಿ ಆಚೆ ಹಪ್ಪಳ ಲಟ್ಟಿಸಿ ಮಾರುವವಳು, ಬಿಸಿಲು ಬಾಡಿದರೆ ತಂಗಿ ಮನೆಗೆ ಹೋಗಿ ಕೂರುವುದು ರೂಢಿ. ಆ ದಿನ ಇಂದ್ರಾಣಿ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಬೀದಿಯಲ್ಲಿ ಸುತ್ತಿಗೆ ಬಿತ್ತು, ಅವಳ ಕೈ ನಿಂತಿತು. ಮತ್ತೆ ಕಲ್ಲು ಹುಡುಕಲು ಹೋಯಿತು, ಅರ್ಧ ಉಸಿರಿನಲ್ಲಿ ಮತ್ತೆ ನಿಂತಿತು. ಇನ್ನೊಂದು ಏಟು. ಕೈ ನಿಂತಿತು, ಹೊರಟಿತು, ನಿಂತಿತು. ನಾನು ನೋಡುತ್ತಿರುವುದು ಅವಳಿಗೆ ತಿಳಿಯಿತು. "ದೊಡ್ಡಮ್ಮ, ನಿಂಗೆ ಈ ಬೀದೀಲಿ ತಲೆ ನೋಯಲ್ವಾ?" ಎಂದಳು. ಯಾಕೆ ನೋಯಬೇಕು ಎಂದೆ. ಅವಳು ತಲೆ ತಗ್ಗಿಸಿ ಕಲ್ಲು ಆರಿಸತೊಡಗಿದಳು.

ಸಾಕಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೇಳಿದರೆ ನನ್ನ ಮೇಲೇ ಹರಿಹಾಯ್ದಳು. ಮಗಳಿಗೆ ನೆಗಡಿ, ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುವುದು ಅದಕ್ಕೇ, ನಿದ್ದೆ ಬರದಿರುವುದೂ ಅದಕ್ಕೇ. ಹುಡುಗಿ ಏನಾದರೂ ಹೇಳಿದಳಾ ಎಂದು ಕೇಳಿದೆ. ಹೇಳದೆ ಏನು, ಬೆಳಗಾಗೆದ್ದರೆ ಅದೇ ರಾಗ, ಎರಡೆರಡು ಸಲ ಕೇಳುತ್ತದೆ ಎರಡೆರಡು ಸಲ ಕೇಳುತ್ತದೆ ಅಂತ, ನಾನು ಆ ಕಡೆ ಗಮನ ಕೊಡಬೇಡ ಬಿಟ್ಟುಬಿಡು ಅಂತ ಹೇಳಿದ್ದೇನೆ ಎಂದಳು. ಕೈಯಲ್ಲಿದ್ದ ಹುಣಸೆಹಣ್ಣನ್ನು ಹಿಂಡಿ ಹಿಂಡಿ ಅದರಲ್ಲಿ ನಾರು ಬಿಟ್ಟು ಏನೂ ಉಳಿದಿರಲಿಲ್ಲ. ಯುಗಾದಿ ಹತ್ತಿರ ಬಂದಿತ್ತು. ಯುಗಾದಿ ಕಳೆದ ಮೇಲೆ ಅಳತೆ.

ಅಳತೆಯ ವಿಷಯ ಹೇಳಬೇಕು. ಸೀರೆ ಉಟ್ಟ ಹುಡುಗಿಯರು, ಮೀಸೆ ಬಂದ ಹುಡುಗರು ಮದುವೆಯಾಗುವ ತನಕ ಪ್ರತಿ ವರ್ಷ ಅಳತೆ ಮನೆಯಲ್ಲಿ ಹಾಜರಾಗಬೇಕು, ಜೊತೆಗೆ ಅವರ ಮನೆಯ ಒಂದು ಪ್ರಾಣಿ. ಹಸುವೋ ಆಡೋ ನಾಯಿಯೋ ಯಾವುದಾದರೂ ಸರಿ. ಮರದ ಚೌಕಟ್ಟಿಗೆ ಬಿಗಿದ ಚರ್ಮ, ಅದರ ಮೇಲೆ ಒಂದು ಹಿಡಿ ಸಾಸಿವೆ. ಚರ್ಮಕ್ಕೆ ತಾಗಿಕೊಂಡಂತೆ ಒಂದು ಹಲಗೆ. ಹಲಗೆಯ ಮೇಲಿದ್ದ ಮೈ ಎಷ್ಟು ಬೆಚ್ಚುತ್ತದೋ ಸಾಸಿವೆ ಅಷ್ಟು ಹಾರುತ್ತದೆ. ಮನುಷ್ಯನಿಗೊಂದು ಹಲಗೆ, ಪ್ರಾಣಿಗೊಂದು ಹಲಗೆ, ಎರಡೂ ಒಂದೇ ಥರದವು. ಇವೆರಡರ ನಡುವೆ ಹಲಗೆಯಿಲ್ಲದ ಮೂರನೆಯ ಚರ್ಮ ಇರುತ್ತದೆ, ತೀರ ತೆಳುವಾದದ್ದು. ಅದು ಬರೀ ಸದ್ದಿಗೇ ಅದುರುತ್ತದೆ, ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದೇ ಸಮ, ಚರ್ಮಕ್ಕೆ ಮರೆಯುವುದು ಗೊತ್ತಿಲ್ಲವಲ್ಲ. ಅಂಥ ಚರ್ಮವನ್ನು ಅಳತೆ ಮನೆ ಬಿಟ್ಟು ಬೇರೆಲ್ಲೂ ಇಡುವಂತಿಲ್ಲ. ಕೊರಡಿನ ಮೇಲೆ ಕೊಡತಿಯೆಂಬ ಮರದ ಸುತ್ತಿಗೆಯಿಂದ ಒಂದು ಏಟು ಹಾಕುತ್ತಾರೆ. ಮೊದಲ ಸದ್ದಿಗೆ ಎಲ್ಲರ ಸಾಸಿವೆಯೂ ಹಾರುತ್ತದೆ. ಮರುಸದ್ದಿಗೆ ನಡುವಿನದೊಂದೇ ಹಾರಬೇಕು.

ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಕೂತರೂ ಪ್ರಯೋಜನವಿಲ್ಲ, ಮೈ ನಮ್ಮ ಮಾತು ಕೇಳುವುದಿಲ್ಲ. ಇನ್ನು ಪ್ರಾಣಿ ಯಾಕೆಂದರೆ, ಕೆಲವೊಮ್ಮೆ ದೋಷ ಮನೆಯದಿರುತ್ತದೆ. ಗೋಡೆಯ ಬಿರುಕೋ, ಬಾವಿಯ ಪೊಳ್ಳೋ ಮರುಸದ್ದನ್ನು ದೊಡ್ಡದು ಮಾಡುತ್ತದೆ. ಆಗ ಆ ಮನೆಯಲ್ಲಿದ್ದ ಎಲ್ಲ ಜೀವಕ್ಕೂ ಅದು ತಾಗುತ್ತದೆ. ಒಂದೇ ಸೂರಿನಡಿ ಎರಡು ಜೀವ ಬೆಚ್ಚಿದರೆ ತಪ್ಪು ಸೂರಿನದು, ಮನೆ ಖಾಲಿ ಮಾಡಿ ಬೇರೆ ಕಡೆ ಹೋದರೆ ಸಾಕು. ಒಂದೇ ಜೀವ ಬೆಚ್ಚಿದರೆ ತಪ್ಪು ಆ ಜೀವದ್ದು, ಅದಕ್ಕೆ ಕಂಬಳಿ ಮನೆ. ಇದು ನಮ್ಮಜ್ಜನ ಕಾಲದಿಂದ ಬಂದ ನಿಯಮ.

ಒಂದು ದಿನ ಸಾಕಮ್ಮ ತನ್ನ ಉಪಾಯ ಹೇಳಿದಳು. ಬೂದಿಗೆ ಮರುಸದ್ದಿಗೆ ಬೆಚ್ಚುವುದನ್ನು ಕಲಿಸುತ್ತಾಳಂತೆ. ನಿನ್ನ ಬುದ್ಧಿ ನೆಟ್ಟಗಿದೆಯಾ ಎಂದು ಕೇಳಿದೆ. ಅಳತೆ ಮನೆಯ ರಾಚಪ್ಪ ನಿನ್ನೆ ಮೊನ್ನೆ ಕೊಡತಿ ಹಿಡಿದವನಲ್ಲ, ಮೂಕಪ್ರಾಣಿಯ ಹೊಟ್ಟೆ ಉರಿಸಬೇಡ, ಬೇಕಾದರೆ ಹುಡುಗಿಯನ್ನು ನನ್ನ ಮನೆಯಲ್ಲಿಡು, ನಮ್ಮ ಬೀದಿ ತಣ್ಣಗಿದೆ, ವಾಸಿಯಾದರೂ ಆದೀತು ಎಂದೆ. ಅವಳು ತಲೆಯೆತ್ತದೆ, "ನಿಂಗೆ ಮಕ್ಕಳಿಲ್ಲ ಅಕ್ಕ, ನಿಂಗೆ ಹೇಗೆ ಗೊತ್ತಾಗ್ಬೇಕು" ಎಂದಳು. ನನಗೆ ಒಂದೇ ಸಲ ಕೇಳುವ ಕಿವಿಯಿದ್ದದ್ದು ಪುಣ್ಯ. ಎದ್ದು ಬಂದುಬಿಡಬೇಕಿತ್ತು, ಬರಲಿಲ್ಲ. ಕಂಬಳಿ ಮನೆಯ ಕಿಂಡಿಯನ್ನು ನಾನು ನೋಡಿದ್ದೆನಲ್ಲ.

ಕಲಿಸುವುದಕ್ಕೆ ಒಂದು ತೊಡಕಿತ್ತು. ಮರುಸದ್ದು ಬಂದಾಗಲೇ ಸರಿಯಾಗಿ ಆಡನ್ನು ಬೆಚ್ಚಿಸಬೇಕು. ಆದರೆ ಅದು ಬಂದದ್ದು ಸಾಕಮ್ಮನಿಗೆ ಕೇಳಿಸಬೇಕಲ್ಲ? ಅದು ಕೇಳುತ್ತಿದ್ದದ್ದು ಮನೆಯಲ್ಲಿ ಒಬ್ಬಳಿಗೇ. ಹಾಗಾಗಿ ಹಿತ್ತಿಲಲ್ಲಿ ಆಡನ್ನು ಗೂಟಕ್ಕೆ ಕಟ್ಟಿ, ಎದುರಿಗೆ ಇಂದ್ರಾಣಿಯನ್ನು ಕೂರಿಸುತ್ತಿದ್ದಳು. ಬೀದಿಯಲ್ಲಿ ಸುತ್ತಿಗೆ ಬೀಳುತ್ತಿತ್ತು. ಮರುಸದ್ದು ಬಂದ ಕೂಡಲೇ ಇಂದ್ರಾಣಿ ಬೆರಳೆತ್ತಬೇಕು, ಬೆರಳು ಕಂಡ ಕೂಡಲೇ ತಾಯಿ ಆಡಿನ ಮುಖಕ್ಕೆ ತಣ್ಣೀರು ಎರಚಬೇಕು. ಅಷ್ಟು ದಿನ ಗಮನ ಕೊಡಬೇಡ ಎನ್ನುತ್ತಿದ್ದ ಬಾಯಿಯೇ ಈಗ ಸರಿಯಾಗಿ ಗಮನವಿಟ್ಟು ಕೇಳು ಎನ್ನತೊಡಗಿತು. ಮೊದಲ ದಿನ ಇಂದ್ರಾಣಿಯ ಮುಖದಲ್ಲಿ ಒಂದು ಥರದ ಗೆಲುವಿತ್ತು. ಅವಳು ಹೇಳಿದ್ದನ್ನು ಒಬ್ಬರಾದರೂ ನಿಜವೆಂದು ಹಿಡಿದರಲ್ಲ, ಅದಕ್ಕಿರಬೇಕು.

ಗೆಲುವು ಬಹಳ ದಿನ ಉಳಿಯಲಿಲ್ಲ. ಸಾಕಮ್ಮನ ಕೈ ಮೊದಮೊದಲು ತಡವಾಗುತ್ತಿತ್ತು, ಬರಬರುತ್ತಾ ಪಳಗಿತು. ಕೆಲವೊಮ್ಮೆ ಬೆರಳು ಏಳುವುದೂ ನೀರು ಬೀಳುವುದೂ ಒಟ್ಟಿಗೇ ಆಗುತ್ತಿತ್ತು. ಬೂದಿಯ ಹಾಲು ಕಡಿಮೆಯಾಯಿತು. ಸೊಪ್ಪು ಮುಂದಿಟ್ಟರೆ ಮೂಸಿ ಬಿಡುತ್ತಿತ್ತು. ನೀರಿನ ಚೊಂಬು ಇಲ್ಲದ ಹೊತ್ತಿನಲ್ಲೂ ಸುತ್ತಿಗೆ ಸದ್ದಾದರೆ ಕಣ್ಣು ಮುಚ್ಚಿ, ಕತ್ತು ಕುಗ್ಗಿಸಿ, ಚರ್ಮವೆಲ್ಲ ನಡುಗಿಸುತ್ತಾ ನಿಲ್ಲುತ್ತಿತ್ತು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನೋಣವೆಂದರೆ ಇಲ್ಲಿ ಬೆಕ್ಕಿಗೂ ಪ್ರಾಣಸಂಕಟವೇ. ಎರಚುವವಳ ಕಣ್ಣಲ್ಲೂ ನೀರು ಇರುತ್ತಿತ್ತು.

ಒಂದು ಸಂಜೆ ಇಂದ್ರಾಣಿ ಆಡಿನ ಕತ್ತಿಗೆ ಕೈಹಾಕಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಕೇಳದೆ ತಾನಾಗಿ ಹೇಳಿದಳು. "ಬೂದಿ ಈಗ ನನ್ನ ಥರಾನೇ ಆಗಿದೆ ದೊಡ್ಡಮ್ಮ. ಮೊದಲನೇದು ಬಂದ ಕೂಡ್ಲೇ ಎರಡನೇದಕ್ಕೆ ಕಾಯೋಕೆ ಶುರು ಮಾಡುತ್ತೆ. ಸದ್ದಿಗಿಂತ ಕಾಯೋದೇ ಕಷ್ಟ." ಮೊದಲನೆಯ ಸದ್ದು ಊರಿಗೆಲ್ಲ ಬಂದ ಹಾಗಿರುತ್ತದೆ, ಎರಡನೆಯದು ತನ್ನೊಬ್ಬಳಿಗೇ ಬಂದ ಹಾಗಿರುತ್ತದೆ ಎಂದಳು. ಯಾರೋ ಯಾರನ್ನೋ ಕರೆದರೂ ಎರಡನೆಯ ಸಲ ತನ್ನನ್ನೇ ಕರೆದ ಹಾಗೆ, ಎಲ್ಲೋ ಬಾಗಿಲು ಹಾಕಿದರೂ ಎರಡನೆಯ ಸಲ ತನ್ನ ಮೇಲೇ ಹಾಕಿದ ಹಾಗೆ. ಹಾಗೇನಿಲ್ಲವೆಂದು ತನಗೂ ಗೊತ್ತು, ಆದರೆ ಗೊತ್ತಿರುವುದು ದಿನದಿನಕ್ಕೂ ಕಡಿಮೆಯಾಗುತ್ತಿದೆ ಎಂದಳು. ಈ ಕೊನೆಯ ಮಾತು ಕೇಳಿ ನನಗೆ ಆದ ಭಯ ಅಷ್ಟಿಷ್ಟಲ್ಲ. ಏನಾದರೂ ಸಮಾಧಾನ ಹೇಳಲು ಬಾಯಿ ತೆರೆದವಳು, ಹೇಳಿದ್ದೂ ಅವಳಿಗೆ ಎರಡು ಸಲ ಹೋಗುತ್ತದಲ್ಲ ಅಂತ ಬಾಯಿ ಮುಚ್ಚಿಕೊಂಡೆ.

ಮರುದಿನ ಅವಳು ಬೆರಳೆತ್ತಲಿಲ್ಲ. ಸುತ್ತಿಗೆ ಬೀಳುತ್ತಿತ್ತು, ಅವಳು ಕೈಕಟ್ಟಿ ಕೂತಿದ್ದಳು. "ನಾನೇ ಹೋಗ್ತೀನಮ್ಮ ಕಂಬಳಿ ಮನೆಗೆ. ಬೂದೀನ ಬಿಟ್ಬಿಡು" ಎಂದಳು. ಸಾಕಮ್ಮ ಬೈಯಲಿಲ್ಲ, ಅಳಲಿಲ್ಲ. ಮಗಳನ್ನು ಎಬ್ಬಿಸಿ ಒಳಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದು ಚೊಂಬು ಕೈಗೆತ್ತಿಕೊಂಡಳು. ಒಂದು ಏಟು ಬಿತ್ತು. ಕಾದಳು. ಎರಚಿದಳು. ಆಡು ನಡುಗಿದ ರೀತಿ ನೋಡಿದರೆ ಲೆಕ್ಕ ತಪ್ಪಿರಲಿಲ್ಲ. ಬೆರಳಿಲ್ಲದೆ ಹೇಗೆ ಗೊತ್ತಾಯಿತೇ ಎಂದು ಕೇಳಿದೆ. ಅಂದಾಜು ಎಂದಳು. ಅಷ್ಟು ದಿನ ಮಾಡಿದ ಕೆಲಸ, ಕೈಗೆ ರೂಢಿಯಾಗಿರಬೇಕು ಅಂದುಕೊಂಡೆ.

ಯುಗಾದಿ ಬಂತು, ಹೋಯಿತು. ಸಾಕಮ್ಮ ಹೋಳಿಗೆ ಮಾಡಿದಳು, ಮಾಡಿದ್ದು ಹಾಗೇ ಉಳಿಯಿತು. ಅವಳ ಗಮನ ಯಾವುದರಲ್ಲೂ ನಿಲ್ಲುತ್ತಿರಲಿಲ್ಲ. ಮಾತಾಡುತ್ತಾ ಆಡುತ್ತಾ ಅರ್ಧಕ್ಕೇ ಬಿಟ್ಟುಬಿಡುವಳು, ಒಲೆಯ ಮೇಲೆ ಅನ್ನ ಸೀದು ವಾಸನೆ ಬಂದರೂ ಏಳಳು. ಪಾತ್ರೆ ತಿಕ್ಕುವ ಕೆಲಸ ಬೇರೆಯವರಿಗೆ ಹೋಯಿತು. ಮಗಳನ್ನು ಕಳೆದುಕೊಳ್ಳುವ ಭಯ ಅವಳನ್ನು ತಿನ್ನುತ್ತಿದೆ ಅಂದುಕೊಂಡೆ. ನನ್ನನ್ನೂ ಅದೇ ತಿನ್ನುತ್ತಿತ್ತು. ಹಪ್ಪಳದ ಹಿಟ್ಟಿಗೆ ಎರಡೆರಡು ಸಲ ಉಪ್ಪು ಹಾಕಿ ಒಂದು ವಾರದ ಹಪ್ಪಳ ದನಕ್ಕೆ ಹೋಯಿತು.

ಅಳತೆಯ ದಿನ ಬೆಳಿಗ್ಗೆ ನಾವು ಮೂವರೂ ಬೂದಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಹೋದೆವು. ಅಳತೆ ಮನೆಯ ಅಂಗಳದಲ್ಲಿ ಜನ, ದನ, ಕರು, ನಾಯಿ, ಬುಟ್ಟಿಯಲ್ಲಿ ಕೋಳಿ. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಮಗಿಂತ ಮೊದಲು ಹೋದ ಹುಡುಗನೊಬ್ಬ ಹೊರಗೆ ಬಂದು ಅವರಪ್ಪನ ಕೈಯಿಂದ ಬೆಲ್ಲ ಇಸಿದುಕೊಂಡು ತಿಂದ. ಅವರಪ್ಪ ನಮ್ಮ ಕಡೆಗೂ ಬೆಲ್ಲ ಚಾಚಿದ. ಸಾಕಮ್ಮ ತೆಗೆದುಕೊಂಡಳು, ಬಾಯಿಗೆ ಹಾಕಲಿಲ್ಲ, ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ನಮ್ಮ ಸರದಿ ಬಂತು.

ರಾಚಪ್ಪ ಎಲೆ ಅಡಿಕೆ ಜಗಿಯುತ್ತಾ ಕೂತಿರುವ ಸಣಕಲು ಮನುಷ್ಯ, ನಗುವುದಿಲ್ಲ, ಗದರಿಸುವುದೂ ಇಲ್ಲ. ಬೂದಿಯನ್ನು ಒಂದು ಹಲಗೆಗೆ ಹತ್ತಿಸಿ ಕಾಲಿಗೆ ಮೆತ್ತನೆ ಹಗ್ಗ ಹಾಕಿದರು. ಇನ್ನೊಂದು ಹಲಗೆಯ ಮೇಲೆ ಇಂದ್ರಾಣಿ ಕೂತಳು. ಕಿವಿಯ ಹತ್ತಿ ತೆಗೆಸಿದರು. ಅವಳ ಕುತ್ತಿಗೆಯ ನರ ಕುಣಿಯುವುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ರಾಚಪ್ಪ ಕೊಡತಿ ಎತ್ತಿ ಕೊರಡಿನ ಮೇಲೆ ಹಾಕಿದ. ಮೂರೂ ಕಡೆ ಸಾಸಿವೆ ಹಾರಿತು. ಅರ್ಧ ಉಸಿರು ಕಳೆಯಿತು. ನಡುವಿನದು ಹಾರಿತು. ಇಂದ್ರಾಣಿಯದು ಹಾರಿತು. ಬೂದಿಯದೂ ಹಾರಿತು. ಸಾಕಮ್ಮ ನನ್ನ ಕೈ ಹಿಡಿದುಕೊಂಡಳು.

ರಾಚಪ್ಪ ಇನ್ನೊಂದು ಏಟು ಹಾಕಿದ. ಮತ್ತೂ ಒಂದು. ಈ ಸಲ ಅವನು ಹುಡುಗಿಯ ಕಡೆ ನೋಡಲೇ ಇಲ್ಲ, ಬಗ್ಗಿ ಕೂತು ಆಡಿನ ಸಾಸಿವೆಯನ್ನೂ ನಡುವಿನ ಸಾಸಿವೆಯನ್ನೂ ನೋಡಿದ. ಆಮೇಲೆ ಎದ್ದು ಬೂದಿಯ ಬೆನ್ನು ಸವರಿದ. "ಇದಕ್ಕೆ ಮರುಸದ್ದು ಕೇಳ್ತಿಲ್ಲ. ನಡುವಿನದು ಹಾರೋಕೆ ಮುಂಚೇನೇ ಇದರದು ಹಾರ್ತಿದೆ. ಯಾರೋ ಇದಕ್ಕೆ ಹೆದರಿಕೆ ಕಲಿಸಿದ್ದಾರೆ" ಎಂದ. ಬೇಸರವಾಗಲಿ ಕೋಪವಾಗಲಿ ಅವನ ದನಿಯಲ್ಲಿರಲಿಲ್ಲ. ಕೇಳಿದ ಜೀವ ಸದ್ದು ಬಂದ ಮೇಲೆ ಬೆಚ್ಚುತ್ತದೆ, ಹೆದರಿದ ಜೀವ ಬರುವುದಕ್ಕೆ ಮೊದಲೇ ಬೆಚ್ಚುತ್ತದೆ, ವರ್ಷವರ್ಷವೂ ಒಂದು ಕರುವೋ ನಾಯಿಯೋ ಹೀಗೆ ಬರುತ್ತದೆ ತಾಯಿ ಎಂದು ಹೇಳಿ, ಬೂದಿಯನ್ನು ಇಳಿಸಲು ಹೇಳಿದ. ಆಡು ಲೆಕ್ಕಕ್ಕಿಲ್ಲ. ಉಳಿದದ್ದು ಒಂದು ಜೀವ.

ಒಳಗಿನಿಂದ ಒಬ್ಬ ಹೆಂಗಸು ಕಪ್ಪು ಕಂಬಳಿ ತಂದಳು. ಹೊದಿಸಿ ಕರೆದುಕೊಂಡು ಹೋಗುವುದು ಪದ್ಧತಿ. ಇಂದ್ರಾಣಿ ಎದ್ದು ನಿಲ್ಲಲಿಲ್ಲ, ಓಡಲಿಲ್ಲ, ತಾಯಿಯ ಮುಖ ನೋಡಿದಳು. ನಾನು ಏನೇನೋ ಹೇಳಿದೆ. ಹುಡುಗಿ ಚಿಕ್ಕವಳು, ಇನ್ನೊಂದು ವರ್ಷ ನೋಡಿ, ನನ್ನ ಮನೆಯಲ್ಲಿಟ್ಟುಕೊಳ್ಳುತ್ತೇನೆ, ನನ್ನ ಬೀದಿಯಲ್ಲಿ ಕಂಚುಗಾರರಿಲ್ಲ ಅಂತ. ರಾಚಪ್ಪ ಕೇಳಿಸಿಕೊಂಡ. ಕೇಳಿಸಿಕೊಳ್ಳುವುದೊಂದೇ ಅವನ ಕೈಯಲ್ಲಿದ್ದದ್ದು, ಅದನ್ನು ಪೂರ್ತಿ ಮಾಡಿದ.

ಆಗ ಸಾಕಮ್ಮ ನನ್ನ ಕೈ ಬಿಟ್ಟಳು. ಆಡು ಇಳಿದು ಖಾಲಿಯಾಗಿದ್ದ ಹಲಗೆಯ ಹತ್ತಿರ ಹೋಗಿ, ಸೀರೆ ಒತ್ತರಿಸಿಕೊಂಡು ಅದರ ಮೇಲೆ ಕೂತಳು. "ನನ್ನೂ ಅಳೀರಿ ರಾಚಪ್ಪನೋರೇ" ಎಂದಳು.

ಮದುವೆಯಾದವರನ್ನು ಅಳೆಯುವುದಿಲ್ಲ, ಆ ವಯಸ್ಸು ದಾಟಿದವರಿಗೆ ಅದು ಬರುವುದೂ ಇಲ್ಲ, ಎದ್ದೇಳಮ್ಮ ಎಂದು ರಾಚಪ್ಪ ಹೇಳಿದ. ಅವಳು ಏಳಲಿಲ್ಲ. ಬರುವುದಿಲ್ಲ ಅಂದರೆ ಅಳೆಯುವುದಕ್ಕೆ ನಿಮಗೇನು ಭಯ, ನಿಯಮದಲ್ಲಿ ಎರಡು ಜೀವ ಅಂತಿದೆಯೇ ಹೊರತು ಯಾವ ಜೀವ ಅಂತಿಲ್ಲವಲ್ಲ ಎಂದಳು. ಹೊರಗೆ ನಿಂತಿದ್ದವರು ಬಾಗಿಲಿಗೆ ಬಂದರು. ನನಗೆ ನಾಚಿಕೆಯಾಯಿತು. ಹುಡುಗಿಯ ಗತಿ ಹೀಗಾಯಿತು, ಇವಳು ಹಟಕ್ಕೆ ಬಿದ್ದು ಇದ್ದ ಮಾನವನ್ನೂ ಕಳೆದುಕೊಳ್ಳುತ್ತಾಳೆ ಅಂದುಕೊಂಡೆ. ಕಂಬಳಿ ಹಿಡಿದ ಹೆಂಗಸು ಎತ್ತಲೂ ಹೋಗಲಾರದೆ ನಿಂತಿದ್ದಳು. ಕೊನೆಗೆ ರಾಚಪ್ಪ, ಬೇಗ ಮುಗಿಸಿ ಕಳಿಸುವ ಹಾಗೆ, ಕೊಡತಿ ಎತ್ತಿ ಒಂದು ಏಟು ಹಾಕಿದ.

ಸಾಸಿವೆ ಹಾರಿತು. ಅರ್ಧ ಉಸಿರಿಗೆ ನಡುವಿನದು ಹಾರಿತು. ಅದರ ಹಿಂದೆಯೇ, ಕೂದಲೆಳೆಯಷ್ಟು ತಡೆದು, ಸಾಕಮ್ಮನದು ಹಾರಿ ಚೌಕಟ್ಟಿನಿಂದ ಆಚೆ ಚೆಲ್ಲಿತು.

ರಾಚಪ್ಪ ಜಗಿಯುವುದನ್ನು ನಿಲ್ಲಿಸಿದ. ಅವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದ, ಚರ್ಮ ಕಾಣಬಾರದೆಂದು. ಇನ್ನೊಂದು ಏಟು ಹಾಕಿದ. ಅದೇ ಆಯಿತು. ಈಗ ಹಾಕುತ್ತೇನೆ ಎಂದು ಹೇಳಿ ಹಾಕದೆ ಕಾದ, ಸಾಸಿವೆ ಮಿಸುಕಲಿಲ್ಲ. ಮೆಲ್ಲಗೆ ಹಾಕಿದ, ಜೋರಾಗಿ ಹಾಕಿದ. ಪ್ರತಿ ಸಲವೂ ನಡುವಿನದರ ಹಿಂದೆಯೇ ಅವಳದು. ಎದುರಿನ ಹಲಗೆಯಲ್ಲಿ ಇನ್ನೂ ಕೂತೇ ಇದ್ದ ಇಂದ್ರಾಣಿಯದೂ ಅವಳದೂ ಒಟ್ಟೊಟ್ಟಿಗೆ ಹಾರುತ್ತಿದ್ದವು. ಕಲಿಸಿದ ಆಡು ಹಾಗೆ ಮಾಡಲಾರದು ಅಂತ ಅವನೇ ಹೇಳಿದ್ದನಲ್ಲ. ಹಿತ್ತಿಲಲ್ಲಿ ಕೂತು ದಿನವಿಡೀ ಮರುಸದ್ದಿಗೆ ಕಾದೂ ಕಾದೂ ಇವಳ ಕಿವಿ ಅದನ್ನು ವಾಪಸು ಕರೆದುಕೊಂಡಿತ್ತು. ಅರ್ಧಕ್ಕೇ ನಿಂತ ಮಾತುಗಳು, ಸೀದ ಅನ್ನ, ಬೆರಳಿಲ್ಲದೆ ತಪ್ಪದ ಲೆಕ್ಕ, ಎಲ್ಲ ನನಗೆ ಆಗ ಒಮ್ಮೆಗೇ ತಿಳಿಯಿತು. ಅಕ್ಕನಾಗಿ ಪಕ್ಕದಲ್ಲೇ ಕೂತು ಏನು ನೋಡಿದೆನೋ ಕಾಣೆ.

ರಾಚಪ್ಪ ಕೊಡತಿಯನ್ನು ಕೆಳಗಿಟ್ಟ. "ಒಂದೇ ಸೂರು, ಎರಡು ಜೀವ" ಎಂದ, ಬಾಗಿಲಲ್ಲಿದ್ದವರಿಗೆ ಕೇಳುವಷ್ಟು ಗಟ್ಟಿಯಾಗಿ. ಮನೆ ಖಾಲಿ ಮಾಡಬೇಕು, ಬೀಗ ಬೀಳುತ್ತದೆ, ಮುಂದಿನ ವರ್ಷ ಹೊಸ ಮನೆಯಿಂದ ಮತ್ತೆ ಬರಬೇಕು ಎಂದ. ಹೆಂಗಸು ಕಂಬಳಿ ಮಡಿಸಿಕೊಂಡು ಒಳಗೆ ಹೋದಳು. ನಾವು ಹೊರಡುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು, ಗೋಡೆಯ ತಪ್ಪಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು, ಮನೆ ಬದಲಿಸಿದರೆ ಹೋಗುವಂಥದ್ದಲ್ಲ ಇದು, ಇಬ್ಬರನ್ನೂ ನೋಡಿಕೊಳ್ಳಿ ಎಂದ. ಮುಂದಿನ ವರ್ಷ ಏನು ಮಾಡುತ್ತೀರಿ ಅಂತ ಕೇಳಲಿಲ್ಲ. ನಾನೇ ದಾರಿಯಲ್ಲಿ ಲೆಕ್ಕ ಹಾಕಿದೆ. ಇನ್ನು ಅವರಿರುವುದು ನನ್ನ ಮನೆಯಲ್ಲಿ. ಮುಂದಿನ ವರ್ಷ ಇಬ್ಬರೂ ಬೆಚ್ಚಿದರೆ ನನ್ನ ಮನೆಗೂ ಬೀಗ, ಅದರ ಮುಂದಿನ ವರ್ಷ ಇನ್ನೊಂದಕ್ಕೆ. ಬೀಳಲಿ. ಹಪ್ಪಳದ ಮಣೆ ಎಲ್ಲಿಟ್ಟರೂ ಹಪ್ಪಳವಾಗುತ್ತದೆ. ನನ್ನ ಭಯ ಅದಲ್ಲ. ಒಬ್ಬಳಿಗೆ ಬಿಟ್ಟು ಇನ್ನೊಬ್ಬಳಿಗೆ ಉಳಿದರೆ ಏನು ಮಾಡುವುದು ಅನ್ನುವುದು ನನ್ನ ಭಯ. ಇಬ್ಬರಿಗೂ ವಾಸಿಯಾಗಲಿ ಎಂದು ಬೇಡಿಕೊಳ್ಳಬೇಕೋ ಇಬ್ಬರಿಗೂ ಹೀಗೇ ಇರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ಏನನ್ನೂ ಬೇಡಿಕೊಳ್ಳಲಿಲ್ಲ.

ಸಂತೆ ಬೀದಿಯಲ್ಲಿ ಬರುವಾಗ ಎದುರಿಗೆ ಪಾತ್ರೆ ತುಂಬಿದ ಎತ್ತಿನ ಗಾಡಿ ಬಂತು. ಚಕ್ರ ಹಳ್ಳಕ್ಕಿಳಿದು ತಪ್ಪಲೆ, ಕೊಪ್ಪರಿಗೆ, ಹಂಡೆ ಎಲ್ಲ ಒಂದಕ್ಕೊಂದು ಬಡಿದುಕೊಂಡವು. ಸಾಕಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಒಂದು ಅಂಗಡಿಯ ಗೋಡೆಗೆ ಒರಗಿದಳು. ಗಾಡಿ ಹೋದ ಮೇಲೂ ಬಹಳ ಹೊತ್ತು ಹಾಗೇ ಇದ್ದಳು, ಬೆವರು ಹಣೆಯಿಂದ ಇಳಿಯುತ್ತಿತ್ತು. ಇಂದ್ರಾಣಿಯೂ ಬೆಚ್ಚಿದ್ದಳು, ಆದರೆ ಅವಳಿಗೆ ಅದು ಹೊಸದಲ್ಲ. ಆಡಿನ ಹಗ್ಗವನ್ನು ನನ್ನ ಕೈಗೆ ಕೊಟ್ಟು, ತಾಯಿಯ ಹತ್ತಿರ ಹೋಗಿ ನಿಂತು, ಕಾದಳು. ಸಾಕಮ್ಮ ಕೊನೆಗೆ ಕೈ ಇಳಿಸಿದಳು. ಮಗಳ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಇಂದ್ರಾ, ಇಷ್ಟೊಂದು ಇರುತ್ತಾ ಇದು? ನಂಗೆ ಯಾಕೆ ಹೇಳ್ಲಿಲ್ಲ ನೀನು?"

ಇಂದ್ರಾಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಮೆಲ್ಲಗೆ, ತಾಯಿಗೆ ನೋಯದಷ್ಟು ಮೆಲ್ಲಗೆ, "ಹೇಳ್ತಿದ್ನಲ್ಲಮ್ಮ, ದಿನಾ ಹೇಳ್ತಿದ್ದೆ" ಎಂದಳು.

ನನಗೆ ಆ ಮಾತು ಕೇಳಿದ್ದು ಒಂದೇ ಸಲ. ಸಾಕಮ್ಮನ ಮುಖ ಒಡೆಯಿತು. ಬಾಯಿ ತೆರೆದು, ಏನೋ ಹೇಳಬೇಕೆಂದವಳು ತಡೆದು ನಿಂತಳು. ಅರ್ಧ ಉಸಿರು ಕಳೆಯಿತು. ಆಮೇಲೆ ಅವಳ ಮುಖ ಇನ್ನೊಂದು ಸಲ ಒಡೆಯಿತು.